ಹೊಟ್ಟೆನೋವೆಂದು ತಂದ ಔಷಧಿ

ಅತ್ತಿಗಮ್ಮ, ನಾಲ್ಕು ವರ್ಷದ ಹಿಂದೆ ಮದ್ದೂರಿನಿಂದ ನಾನು ತಂದುಕೊಟ್ಟ ಐದು ಸೀಸೆ ಔಷಧಿ ನಿಮ್ಮ ಕಾಯಿಲೆಯದಲ್ಲ. ಹೊಟ್ಟೆನೋವಿನದು. ಡಾಕ್ಟರದು ತಪ್ಪಿಲ್ಲ — ಸುಳ್ಳು ಹೇಳಿದವನು ನಾನು.

ಹೆಂಗಸರ ಕಾಯಿಲೆಯನ್ನು ಮನೆಯ ಗಂಡಸು ಹೋಗಿ ವಿವರಿಸಿ, ಸೀಸೆ ತುಂಬಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಅಣ್ಣನಿಗೆ ಹೇಳಲಾರದೆ ನೀವು ನನ್ನನ್ನು ಹಿತ್ತಲಿಗೆ ಕರೆದಿರಿ. ಎರಡನೆಯ ಹೆರಿಗೆಯಾಗಿ ಆರು ತಿಂಗಳಾಗಿತ್ತು.

"ಕೆಮ್ಮುದ್ರೆ, ನಕ್ರೆ ಸೀರೆ ಒದ್ದೆ ಆಯ್ತದೆ ಕಣಪ್ಪ. ಉಚ್ಚೆ ತಡಿಯಾಕೆ ಆಗಾಕಿಲ್ಲ. ಡಾಕ್ಟ್ರಿಗೆ ಇಂಗಿಂಗೆ ಅಂತ ಏಳು. ನೀನು ಮಾತ್ರ ಆಡ್ಕೊಂಡು ನಗಬ್ಯಾಡ."

ನಗಲಿಲ್ಲ. ಆದರೆ ಮದ್ದೂರಿನಲ್ಲಿ ಡಾಕ್ಟರ ಬೆಂಚಿನ ಮೇಲೆ ನಮ್ಮೂರಿನ ನಾಲ್ವರು ಕೂತಿದ್ದರು. ಡಾಕ್ಟರು ಬರುವ ತನಕ ಅವರದೇ ಮೂಗಿನ ದನಿ ತೆಗೆದು — "ಎಲ್ಲಿ, ನಾಲಿಗೆ ಚಾಚು" — ಅಷ್ಟೂ ಜನರನ್ನು ನಗಿಸಿದ್ದೆ. ಶಾನುಭೋಗರ ಕೆಮ್ಮು, ಪಟೇಲರ ನಡಿಗೆ, ಕನ್ನಡಿಯಲ್ಲಿ ನನ್ನದೇ ಕೋತಿಮುಖ — ಯಾವುದನ್ನೂ ಅಣಕಿಸದೆ ಬಿಡದವನು ನಾನು. ಡಾಕ್ಟರು ಬಂದು "ಯಾರಿಗೆ, ಏನು?" ಎಂದಾಗ ನಾಲ್ವರೂ ನನ್ನ ಬಾಯನ್ನೇ ನೋಡಿದರು. ನಾಳೆ ಇವರು ನಿಮ್ಮನ್ನು ಅಣಕಿಸಿದರೆ... ಇಲ್ಲ, ಅದೂ ಸುಳ್ಳು. ನನ್ನನ್ನು ಅಣಕಿಸುತ್ತಾರೆಂದು ಹೆದರಿದೆ.

"ನಮ್ಮತ್ತಿಗೆಗೆ ಹೊಟ್ಟೆನೋವು ಸ್ವಾಮಿ."

ನೀವು ನಂಬಿ ಕುಡಿದಿರಿ. ಗುಣ ಕಾಣದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಿರಿ. ಮಳವಳ್ಳಿಯಲ್ಲಿ ನಿಮ್ಮ ತಂಗಿಯ ಮದುವೆ — ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲಾರೆನೆಂದು ಅದಕ್ಕೂ ಹೋಗಲಿಲ್ಲ. ನಾನು ಎಲ್ಲವನ್ನೂ ನೋಡುತ್ತಲೇ ಇದ್ದೆ.

ಕಳೆದ ವಾರ ಒಬ್ಬನೇ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಕೆಮ್ಮಿದಾಗ ಮಾತ್ರವೇ, ಅವಸರವಾಗಿ ದಾರಿಯಲ್ಲೂ ಹೋಗುತ್ತದೆಯೇ, ಉರಿಯುಂಟೇ ಎಂದು ಒಂದೊಂದಾಗಿ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ.

"ನೀರು ಬಿಟ್ಟರೆ ಇನ್ನೂ ಕೆಡುತ್ತೆ ಕಣಯ್ಯ. ಹೆತ್ತ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಒಳಗಿನ ಬಿಗಿ ಸಡಿಲ ಆಗುತ್ತೆ, ಯಾರೂ ಬಾಯಿ ಬಿಡೋಲ್ಲ. ಮೈಸೂರಿನ ಲೇಡಿ ಡಾಕ್ಟರಿಗೆ ಚೀಟಿ ಕೊಡ್ತೀನಿ. ಪೂರಾ ವಾಸಿಯಾಗುತ್ತೆ ಅಂತ ಮಾತು ಕೊಡಲಾರೆ."

ಚೀಟಿ ತಂದು ನಿಮ್ಮ ಮುಂದೆ ಹಿಡಿದೆ.

"ಬುಡಪ್ಪ. ಐದ್ ಸೀಸೆ ಕುಡುದ್ರೂ ವಾಸಿಯಾಗ್ನಿಲ್ಲ. ಇದು ನನ್ ಅಣೇಬರ. ಇನ್ನೊಬ್ರ ಮುಂದೆ ಯಾಕ್ ಮಾನ ಕಳಕೊಳ್ಳಲಿ?"

ಆಗಲೂ ಸೀಸೆಯ ನಿಜ ಹೇಳದೆ ಚೀಟಿ ಮಡಚಿ ಜೇಬಿಗಿಟ್ಟೆ. ಅದಕ್ಕೇ ಇದನ್ನು ಬರೆದೆ. ಬರೆದೇನು ಬಂತು, ನಿಮಗೆ ಓದಲು ಬರುವುದಿಲ್ಲ. ಅಣ್ಣ ಗದ್ದೆಗೆ ಹೋದ ಮೇಲೆ ನಾನೇ ಎದುರು ಕೂತು ಓದಬೇಕು. ದಿನವೂ ಕಾಗದ ಹಿಡಿದು ಅಡಿಗೆಮನೆಯ ಬಾಗಿಲ ತನಕ ಬರುತ್ತೇನೆ. "ಏನಪ್ಪ?" ಎನ್ನುತ್ತೀರಿ. "ಮಜ್ಜಿಗೆ" ಎನ್ನುತ್ತೇನೆ. ಕೊಡುತ್ತೀರಿ. ಕುಡಿದು ಹೋಗುತ್ತೇನೆ.