ಯರ್ರಪ್ಪನ ರಾಜ ನೆಗೆದದ್ದು

ಯರ್ರಪ್ಪ ಚದುರಂಗದ ಕಾಯಿ ನಡೆಸುತ್ತಿರಲಿಲ್ಲ, ಹೊಡೆಯುತ್ತಿದ್ದ. ಅವನ ಕುದುರೆ ಕುಟ್ಟಿದರೆ ಎದುರಾಳಿಯ ಆನೆ ಮಣೆಯಿಂದ ಹಾರಿ ಯಾರದೋ ಟೀ ಲೋಟಕ್ಕೆ ಬೀಳಬೇಕು. ಕಾಮಸಮುದ್ರದ ಕಡೆಯವನು, ಕೋರಮಂಡಲ್ ಚಿನ್ನದ ಗಣಿಯಲ್ಲಿ ಬಂಡೆಗೆ ಸಿಡಿಮದ್ದು ತುಂಬುವ ಕೆಲಸ. ನಾನು ಅಲ್ಲೇ ಹಾಜರಿ ಗುಮಾಸ್ತ. ಊಟದ ಹೊತ್ತಿನಲ್ಲಿ ನಮ್ಮದು ದಿನಾ ಆಟ, ದಿನಾ ಜಗಳ. ಸೋತರೆ ನನ್ನ ಕಾಲರ್ ಹಿಡಿಯುತ್ತಿದ್ದ, ಗೆದ್ದರೆ ಬೆನ್ನಿಗೆ ಗುದ್ದುತ್ತಿದ್ದ. ಎರಡೂ ನೋವೇ.

ಆಟ ಶುರುವಾಗುತ್ತಲೇ ರಾಜನ ಮುಂದಿನ ಕಾಲಾಳುಗಳನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದ. ನಮ್ಮ ಕಡೆಯ ಆಟದಲ್ಲಿ ರಾಜ ಒಂದು ಸಲ ಕುದುರೆಯಂತೆ ನೆಗೆಯಬಹುದು. "ದೊರೆ ಅಂದ್ಮೇಲೆ ಮನೇಲೇ ಕೂತಿರ್ತಾನೇನ್ಲಾ? ಮುಂದೆ ಓಗಿ ಒಡೀಬೇಕು" ಅನ್ನುತ್ತಿದ್ದ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೇಸ್ತ್ರಿ ದೊರೆಸ್ವಾಮಿ ಗಣಿಯೊಳಗೆ ಎಲ್ಲರೆದುರು ಯರ್ರಪ್ಪನನ್ನು ಬೂಟುಗಾಲಲ್ಲಿ ಒದ್ದ. ತಿರುಗಿ ಹೊಡೆದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಬಸುರಿ ಹೆಂಡತಿ. ರಕ್ತ ಬರುವಂತೆ ತುಟಿ ಕಚ್ಚಿಕೊಂಡು ಸುಮ್ಮನಾದ. ಆ ತಿಂಗಳೇ ಗಣಿಯ ಕ್ಲಬ್ಬಿನಲ್ಲಿ ಚದುರಂಗದ ಪಂದ್ಯ. ಮೇಸ್ತ್ರಿ ಹೆಸರು ಕೊಟ್ಟಿದ್ದಾನೆಂದು ತಿಳಿದು ಇವನೂ ಕೊಟ್ಟ. "ಅಲ್ಲಿ ಒಡೀತೀನಿ ಅವನ್ನ. ಅಲ್ಲಿ ಒಡದ್ರೆ ಯಾವನೂ ಕೇಳಂಗಿಲ್ಲ." ನಿಯಮದ ಹಾಳೆ ಇಂಗ್ಲಿಷಿನಲ್ಲಿತ್ತು. ಓದಿ ಹೇಳು ಅಂದ. ಹಾಳೆ ಮಡಚಿ ಜೇಬಿಗಿಟ್ಟು, "ಗೊತ್ತಿರೋದೇ ಬಿಡಣ್ಣ" ಅಂದೆ. ದರಿದ್ರ ಸೋಮಾರಿತನ ನನ್ನದು.

ಚೀಟಿ ಎತ್ತಿದಾಗ ಮೊದಲ ಆಟವೇ ಅವರಿಬ್ಬರದು. ಹತ್ತು ನಡೆಯೊಳಗೆ ಮೇಸ್ತ್ರಿಯ ಹಣೆ ಬೆವರಿತು. ಆಗ ಯರ್ರಪ್ಪ ರಾಜನನ್ನೆತ್ತಿ ನೆಗೆಸಿ ಕುಕ್ಕಿದ. ತೀರ್ಪುಗಾರರು ಎದ್ದು ಬಂದು, ಇಲ್ಲಿ ರಾಜ ನೆಗೆಯುವಂತಿಲ್ಲ, ಮುಟ್ಟಿದ ಮೇಲೆ ರಾಜನನ್ನೇ ಒಂದು ಮನೆ ನಡೆಸಬೇಕು ಎಂದರು. ರಾಜ ಹೋಗಲು ಇದ್ದದ್ದು ಒಂದೇ ಮನೆ. ಅಲ್ಲಿಟ್ಟ. ಮೇಸ್ತ್ರಿಯ ಮಂತ್ರಿ ಬಂದು ಆಟ ಮುಗಿಸಿತು.

"ಒದೆ ತಿನ್ನೋಕೇ ಉಟ್ಟಿದೀಯ ಬಿಡು" ಎಂದು ಮೇಸ್ತ್ರಿ ನಕ್ಕ. ನಗು ಮುಗಿಯುವ ಮೊದಲೇ ಮಣೆ ಅವನ ಬಾಯಿಗೆ ಬಡಿಯಿತು. ಚೆಲ್ಲಿದ ಕಾಯಿಗಳ ನಡುವೆ ಮೂರು ಹಲ್ಲು. ನಾಲ್ವರು ಹಿಡಿದೆಳೆದರೂ ಯರ್ರಪ್ಪ ಬಡಿಯುತ್ತಲೇ ಇದ್ದ.

ಕೆಲಸ ಹೋಯಿತು. ವಾರದ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ. ಪಕ್ಕದಲ್ಲಿ ಹೆಂಡತಿ, ಒಂದು ಟ್ರಂಕು. ಕಲ್ಲು ಒಡೆಯುವ ಕೆಲಸ ಎಲ್ಲಿದ್ದರೆ ಅಲ್ಲಿಗೆ ಎಂದ. ನನಗೆ ತಡೆಯಲಾಗಲಿಲ್ಲ. "ಯರ್ರಪ್ಪಣ್ಣ, ಆ ಹಾಳೇಲಿ ಬರೆದಿತ್ತು. ನಾನು ಆಗ ಓದ್ಲೇ ಇಲ್ಲ" ಎಂದು ಕೆನ್ನೆ ಒಡ್ಡಿಯೇ ನಿಂತೆ.

ಅವನು ಕೈ ಎತ್ತಲಿಲ್ಲ. "ನೀನು ಓದಿದೀಯ ಅಂದ್ಕೊಂಡಿದ್ದೆ ಕಣ್ಲಾ" ಎಂದು ಟ್ರಂಕು ಹೊತ್ತು ರೈಲು ಹತ್ತಿದ.

ಮತ್ತೆ ಅವನ ಸುದ್ದಿಯಿಲ್ಲ. ಹೊಡೆದು ಹೋಗಿದ್ದರೆ ಚೆನ್ನಾಗಿತ್ತು.