ಅದಲುಬದಲಾದ ಪಡ್ಡಲಿಗಿ, ಬಾಯಿ ಮುಚ್ಚಿಕೊಂಡು ನಿಂತ ನಾನು

ಅಜ್ಜಿ ಬುಟ್ಟಿಯನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡಿ, ನಮ್ಮ ಅಂಗಡಿ ಕಟ್ಟೆಯ ಮೇಲೆ ವಾಪಸ್ ಇಟ್ಟರು.

"ಇದು ನಮ್ದಲ್ಲ ತಂಗಿ," ಅಂದರು.

ಹುಣ್ಣಿಮೆ ದಿನ. ಉಗರಗೋಳದಲ್ಲಿ ಕಾಲಿಡೋಕೆ ಜಾಗವಿರಲಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೋಗೋ ದಾರಿಯಲ್ಲಿ ನಮ್ಮದೊಂದು ಅಂಗಡಿ ಇದೆ... ಭಂಡಾರ, ಕುಂಕುಮ, ಕಾಯಿ ಮಾರ್ತೀವಿ. ಪರಿಚಯದ ಭಕ್ತರು ಸ್ನಾನಕ್ಕೆ ಹೋಗುವಾಗ ಸಾಮಾನು ನಮ್ಮಲ್ಲೇ ಇಟ್ಟು ಹೋಗ್ತಾರೆ. ಬೈಲಹೊಂಗಲ ಕಡೆಯ ಈ ಅಜ್ಜಿಯೂ ಪ್ರತಿವರ್ಷ ಹಾಗೇ.

ಅವರು ಇಟ್ಟು ಹೋಗಿದ್ದು ಪಡ್ಡಲಿಗಿ. ಎಲ್ಲಮ್ಮನಿಗೆ ಹೋಳಿಗೆ, ಕಡಬು ತುಂಬಿ ಅರ್ಪಿಸೋ ಬಿದಿರಿನ ಬುಟ್ಟಿ. ಅವರ ಅತ್ತೆಯ ಕಾಲದ್ದು. ಅದಿಲ್ಲದೆ ಅಜ್ಜಿ ಗುಡ್ಡ ಹತ್ತೋದೇ ಇಲ್ಲ.

ಬೆಳಿಗ್ಗೆ ಅಂಗಡಿಯಲ್ಲಿ ಇದ್ದವಳು ನನ್ನ ಮಗಳು ಸೃಷ್ಟಿ, ಪಿಯುಸಿ ಮೊದಲ ವರ್ಷ. ಸಾಲಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಬಂದ ಒಂದು ಮನೆಯವರೂ ತಮ್ಮ ಪಡ್ಡಲಿಗಿ ಅಲ್ಲೇ ಇಟ್ಟಿದ್ದರು. ಎರಡಕ್ಕೂ ಹಳದಿ ಬಟ್ಟೆ ಮುಚ್ಚಿತ್ತು. ಅವರು ಬಂದು ಕೇಳಿದಾಗ ಈ ಮಹಾರಾಣಿ ಮೊಬೈಲ್‌ನಿಂದ ತಲೆ ಎತ್ತದೆ, ಕೈಗೆ ಸಿಕ್ಕ ಬುಟ್ಟಿ ತೆಗೆದು ಕೊಟ್ಟಿದ್ದಾಳೆ!

ನನಗೆ ಪಿತ್ತ ನೆತ್ತಿಗೇರಿತು. ನನ್ನ ಬಾಯಿ ನಿಮಗೆ ಗೊತ್ತಲ್ಲ... ಬೈಯೋಕೆ ಶುರು ಮಾಡಿದರೆ ಊರ ಅಗಸಿ ಬಾಗಿಲತನಕ ಕೇಳಿಸುತ್ತೆ.

ಆದರೆ ಬೈದು ಮುಗಿಸಿದ ಮೇಲೆ ಎಲ್ಲ ಸರಿ ಮಾಡೋಕೆ ಓಡೋಳೂ ನಾನೇ. ಕಾಲೇಜಿನ ಮೇಡಂ ಹತ್ತಿರ ಮಾತಾಡೋದು ನಾನು. ಅವಳಿಗೂ ಅವಳ ಗೆಳತಿಗೂ ಜಗಳವಾದರೆ ಫೋನ್ ಮಾಡೋದೂ ನಾನು.

ಅವತ್ತೂ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿದ್ದೆ. ಕಾಯಿ ಜೋಡಿಸುತ್ತಿದ್ದ ನನ್ನ ಗಂಡ ತಲೆ ಎತ್ತದೆ ಅಂದರು, "ಬುಟ್ಟಿ ಕೊಟ್ಟಾಕಿ ಯಾರು? ಆಕಿ ಹೋಗ್ಲಿ. ನೀ ಬೇಕಾದ್ರ ಜೋಡಿ ಹೋಗು. ಮಾತ ಮಾತ್ರ ಆಕಿನ ಆಡ್ಲಿ."

ಹುಣ್ಣಿಮೆ ಗದ್ದಲದಲ್ಲಿ ಇವರದೊಂದು ಉಪದೇಶ ಅಂತ ಸಿಟ್ಟು ಬಂತು. ಅಷ್ಟರಲ್ಲಿ ಸೃಷ್ಟಿ ಅಜ್ಜಿ ಎದುರು ಹೋಗಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ತಪ್ಪು ನಂದ ಆಯಿ. ನೋಡ್ಲಾರದ ಕೊಟ್ಟೇನಿ. ನಾನ ಹುಡುಕಿ ತರತೇನಿ."

ಇರಲಿ ಬಿಡು ಅಂತ ಅಜ್ಜಿ ಅನ್ನಲಿಲ್ಲ. ಚೆನ್ನಾಗಿಯೇ ಬೈದರು. ಆ ಮೊಬೈಲ್ ನಿನಗ ಅನ್ನ ಹಾಕ್ತೈತೇನ ಅಂತ ಕೇಳಿದರು. ನನ್ನ ಮಗಳನ್ನ, ನನ್ನ ಎದುರಿಗೇ... ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಸುಳ್ಳು ಯಾಕೆ ಹೇಳಲಿ, ತುಂಬಾ ಕಷ್ಟವಾಯಿತು.

ಅವಳ ಜೊತೆ ನಾನೂ ಹೊರಟೆ. ಗುಡ್ಡದ ಮೇಲೆ ಎಲ್ಲಿ ನೋಡಿದರೂ ಟ್ರ್ಯಾಕ್ಟರ್, ಟೆಂಪೋ, ಒಲೆಯ ಹೊಗೆ. ಫೋನ್ ಮಾಡೋಣ ಅಂದರೆ ಯಾರ ನಂಬರೂ ಇಲ್ಲ.

ಬಸ್ಸಿನಲ್ಲಿ ಟಿಕೆಟ್ ಕೇಳೋಕೂ ನನ್ನ ಮೊಣಕೈ ತಿವಿಯೋ ಹುಡುಗಿ ಇವಳು. ಒಂದೊಂದು ಟ್ರ್ಯಾಕ್ಟರ್ ಹತ್ತಿರ ಹೋಗಿ ಮೆಲ್ಲಗೆ ಕೇಳ್ತಾಳೆ, ಯಾರೂ ತಿರುಗಿ ನೋಡೋದಿಲ್ಲ. ನಾನು ಒಂದು ಸಲ ಕೂಗಿದ್ದರೆ ಸಾಕಿತ್ತು, ಅರ್ಧ ಗುಡ್ಡ ತಿರುಗಿ ನೋಡುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಹಿಂದೆ ನಡೆದೆ.

ಸ್ವಲ್ಪ ದೂರ ಹೋದ ಮೇಲೆ ಅವಳ ದನಿ ಎದ್ದಿತು. "ಸಾಲಹಳ್ಳಿಯವ್ರು ಯಾರರ ಅದೀರೇನ್ರೀ?"

ಸಿಕ್ಕರು. ಬೇವಿನ ಮರದ ಕೆಳಗೆ ಇದ್ದರು. ಆದರೆ ಅಜ್ಜಿಯ ಪಡ್ಡಲಿಗಿ ಆಗಲೇ ತುಂಬಿತ್ತು! ಅಡುಗೆ ಗಡಿಬಿಡಿಯಲ್ಲಿ ಬುಟ್ಟಿ ಬೇರೆ ಅಂತ ಅವರೂ ಗಮನಿಸಿರಲಿಲ್ಲ. ಪೂಜೆ ಆಗುವವರೆಗೆ ತುಂಬಿದ ಪಡ್ಡಲಿಗಿ ಬರಿದು ಮಾಡೋ ಹಾಗಿಲ್ಲ ಅಂತ ಅವರ ಮನೆಯ ಹಿರಿಯಾಕೆ ಕೈ ಮುಗಿದೇ ಹೇಳಿದರು. ಇವರು ಕೊಡೋ ಹಾಗಿಲ್ಲ, ಅಜ್ಜಿ ಅದಿಲ್ಲದೆ ಹತ್ತೋ ಹಾಗಿಲ್ಲ.

ನಾನಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ. ಸೃಷ್ಟಿ ದುಪಟ್ಟಾದ ತುದಿ ಕಚ್ಚಿಕೊಂಡು ನಿಂತಿದ್ದಳು. ಆಮೇಲೆ ಕೇಳಿದಳು, "ಹಂಗಾರ ಆಯಿನ್ನ ಇಲ್ಲೇ ಕರಕೊಂಡ ಬರ್ಲೇನ್ರಿ? ನಿಮ್ಮ ಬುಟ್ಟಿನೂ ತರತೇನಿ. ಎರಡಕ್ಕೂ ಕೂಡೇ ಪೂಜಿ ಮಾಡ್ರಿ..."

ಅವರವರೇ ಮುಖ ನೋಡಿಕೊಂಡರು. ಹಿರಿಯಾಕೆ ನಕ್ಕು, ಕರಕೊಂಡು ಬಾ, ಕಾಯತೇವಿ ಅಂದರು.

ಕೆಳಗೆ ಬಂದು ಅಜ್ಜಿಗೆ ಇವಳು ಹೇಳಿದ ಮಾತು ಕೇಳಿ ನನಗೇ ಆಶ್ಚರ್ಯ. "ನಿಮ್ಮ ಪಡ್ಡಲಿಗಿ ತುಂಬಿ ಕುಂತೈತಿ ಆಯಿ. ನಿಮ್ಮ ಹಾದಿ ನೋಡಾಕತ್ತೈತಿ."

ಅಜ್ಜಿ ಏಳೋಕೆ ಅವಳ ಕಡೆಗೆ ಕೈ ಚಾಚಿದರು.

ಒಂದು ಕೈಯಲ್ಲಿ ಅಜ್ಜಿ, ಕಂಕುಳಲ್ಲಿ ಸಾಲಹಳ್ಳಿಯವರ ಬುಟ್ಟಿ... ಮುಂದೆ ಅವಳು. ಹಿಂದೆ ಅಜ್ಜಿಯ ಅಡುಗೆಯ ಗಂಟು ಹೊತ್ತು ನಾನು.

ಬೇವಿನ ಮರದ ಕೆಳಗೆ ಅಜ್ಜಿ ಮೊದಲು ತಮ್ಮ ಬುಟ್ಟಿಯ ಅಂಚು ಸವರಿದರು. ಆಮೇಲೆ ತಮ್ಮ ಗಂಟು ಬಿಚ್ಚಿ, ತಂದಿದ್ದ ಹೋಳಿಗೆಯನ್ನು ಸಾಲಹಳ್ಳಿಯವರ ಬುಟ್ಟಿಗೆ ತುಂಬಿದರು. ಎರಡೂ ಬುಟ್ಟಿ ಪಕ್ಕಪಕ್ಕ ಇಟ್ಟು "ಉಧೋ ಉಧೋ" ಅಂದಾಗ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎಲ್ಲರೂ ಒಟ್ಟಿಗೆ ಊಟ ಮಾಡಿದೆವು. ಅಜ್ಜಿ ಸೃಷ್ಟಿ ಎಲೆಗೆ ತುಪ್ಪ ಹಾಕುತ್ತಾ ಮೊಬೈಲ್ ವಿಷಯಕ್ಕೆ ಇನ್ನೊಂದು ಸುತ್ತು ಬೈದರು.

ಸಂಜೆ ಅಂಗಡಿಯಲ್ಲಿ ನೋಡ್ತೀನಿ, ಕಾಯಿ ಚೀಲಗಳ ಹಿಂದೆ ಕೂತು ಸೃಷ್ಟಿ ಬಿಕ್ಕಿ ಬಿಕ್ಕಿ ಅಳ್ತಿದ್ದಾಳೆ. ಅಜ್ಜಿ ಬೈದದ್ದಕ್ಕಾ ಅಂತ ಕೇಳಿದೆ. ಅಲ್ಲ ಅಂತ ತಲೆ ಅಲ್ಲಾಡಿಸಿದಳು.

"ಭಾಳ ಅಂಜಿಕಿ ಬಂದಿತ್ತವ್ವಾ. ನೀ ಬಾಜೂಕ ಇದ್ದಿ ಅಂತ ಮಾತ ಬಂತು. ನೀನ ಮಾತಾಡಿದ್ರ ನನಗ ಬರತಿರಲಿಲ್ಲ."

ತಬ್ಬಿಕೊಂಡೆ.

ಬೈದ ಅಜ್ಜಿಗೆ, ಕಾದು ಕೂತ ಸಾಲಹಳ್ಳಿಯವರಿಗೆ ನಾನು ಋಣಿ. ನನ್ನ ಗಂಡನಿಗೂ... ಆದರೆ ಅವರಿಗೆ ಈ ಪೋಸ್ಟ್ ತೋರಿಸಬೇಡಿ.

ಬೆಳೆದ ಮಕ್ಕಳ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲೋದನ್ನ ನೀವೆಲ್ಲ ಯಾವಾಗ ಕಲಿತಿರಿ?