ಗುಬ್ಬಿಯವರಿಗೆ ನಾನು ಹೇಳಿದ ಮಾತು

ಜುಬೇದಾ, ನಿನ್ನ ಮದುವೆ ತಪ್ಪಿಸಿದವಳು ನಾನು. ಗುಬ್ಬಿಯ ಸಂಬಂಧ ಮುರಿದದ್ದು ಹುಡುಗನ ಮನಸ್ಸು ಬದಲಾಗಿ ಅಲ್ಲ, ನನ್ನ ಬಾಯಿಂದ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಎಮರ್ಜೆನ್ಸಿ ಮುಗಿದ ಮರುವರ್ಷ ನೀನು ಕುಣಿಗಲ್ಲಿನಾಚೆಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಗಣಿತ ಕಲಿಸಲು ಬಂದೆ. ಅದಕ್ಕೆ ಮುಂಚೆ ಮೂರು ವರ್ಷ ಯಾರೂ ನಿಲ್ಲಲಿಲ್ಲ. ಆರ್ಡರ್ ಹಿಡಿದು ಬಂದವರು ಸಹಿ ಹಾಕಿ, ರೂಮು ಸಿಗಲಿಲ್ಲವೆಂದು ರಜೆ ಬರೆದು, ತುಮಕೂರಿಗೆ ಡೆಪ್ಯುಟೇಷನ್ ಮಾಡಿಸಿಕೊಳ್ಳುತ್ತಿದ್ದರು. ಮುಖ್ಯೋಪಾಧ್ಯಾಯಿನಿಯಾದ ನಾನು, ಕನ್ನಡ ಓದಿದವಳು, ಗೈಡು ನೋಡಿ ಬೀಜಗಣಿತವನ್ನು ಬೋರ್ಡಿಗೆ ಇಳಿಸುತ್ತಿದ್ದೆ. ಗಣಿತವೊಂದರಲ್ಲೇ ಫೇಲಾದ ಹುಡುಗಿಯರಿಗೆ ಅದೇ ಬೇಸಿಗೆಯಲ್ಲಿ ಮದುವೆ ಆಗಿಬಿಡುತ್ತಿತ್ತು.

ನೀನು ನಿಂತೆ. ಶನಿವಾರ ಮನೆಗೆಂದು ತುಮಕೂರಿನ ಬಸ್ಸು ಹತ್ತಿದವಳು ಸೋಮವಾರ ಬೆಲ್ಲಿಗೆ ಮುಂಚೆ ಹಾಜರು. ಎರಡನೇ ವರ್ಷ ಗಣಿತದಲ್ಲಿ ಒಬ್ಬಳೂ ಫೇಲಾಗಲಿಲ್ಲ.

ಆಗ ನಿನ್ನ ಬಗ್ಗೆ ವಿಚಾರಿಸಲು ಸ್ಕೂಲಿಗೇ ಬಂದರು ಹುಡುಗನ ಚಿಕ್ಕಪ್ಪ, ಗುಬ್ಬಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ನೀನು ಕ್ಲಾಸಿನಲ್ಲಿದ್ದೆ.

"ಹುಡ್ಗಿ ಹ್ಯಾಗಮ್ಮ? ನಿಮ್ ಜೊತೇಲೇ ಇರೋಳು. ನೀವು ಒಂದ್ ಮಾತು ಹೇಳಿದ್ರೆ ಸಾಕು ನಮ್ಗೆ."

"ಮದುವೆ ಆದ್ಮೇಲೆ ಕೆಲಸ?"

"ಗುಬ್ಬಿಗೇ ಟ್ರಾನ್ಸ್‌ಫರ್ ಹಾಕಿಸ್ತೀವಿ. ಆಗ್ಲಿಲ್ವಾ, ಬಿಟ್ರಾಯ್ತು."

ಗೋಡೆಯಾಚೆ ನಿನ್ನ ದನಿ. ನೀನು ಹತ್ತನೇ ಕ್ಲಾಸಿಗೆ ಪ್ರಮೇಯ ಬಿಡಿಸುತ್ತಿದ್ದೆ. ನಾನು ಹೇಳಿದೆ —

"ತುಂಬಾ ಒಳ್ಳೇ ಹುಡುಗಿ. ಆದ್ರೆ ಒಂದೆರಡ್ ಸಲ ಕ್ಲಾಸಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ಲು... ಈಗ ಪರವಾಗಿಲ್ಲ ಅನ್ಸುತ್ತೆ."

ಸುಳ್ಳು, ಜುಬೇದಾ. ರಂಜಾನ್ ತಿಂಗಳಲ್ಲಿ ಒಮ್ಮೆ ತಲೆಸುತ್ತು ಬಂದು ನೀನು ಕುರ್ಚಿ ಹಿಡಿದುಕೊಂಡಿದ್ದೆ, ಅಷ್ಟೆ. "ಹೇಳಿದ್ದು ಒಳ್ಳೇದಾಯ್ತಮ್ಮ" ಎಂದು ಅವರು ಎದ್ದು ಹೋದರು.

ಈ ಮಾರ್ಚ್ ಪರೀಕ್ಷೆ ಕಳೆಯಲಿ, ಇನ್ನೊಂದು ಸಂಬಂಧ ಬಂದೇ ಬರುತ್ತದೆ — ಹೀಗೆಂದುಕೊಂಡೆ. ಆದರೆ ಮಾತು ಗುಬ್ಬಿಯಲ್ಲಿ ನಿಲ್ಲಲಿಲ್ಲ. ತುಮಕೂರಿನ ನಿಮ್ಮ ಮೊಹಲ್ಲಾಕ್ಕೂ ಬಂತು. ಬಂದವರೆಲ್ಲ ವಿಚಾರಿಸಿ ಹಿಂದಿರುಗಿದರು.

ಒಂದು ಸೋಮವಾರ ನೀನು ನನ್ನ ಮೇಜಿನ ಮೇಲೆ ಚೀಟಿಯೊಂದನ್ನಿಟ್ಟೆ. "ಮೇಡಂ, ನಂಗೆ ಮೂರ್ಛೆರೋಗ ಇದೆಯಂತೆ. ಇಲ್ಲ ಅಂತ ಡಾಕ್ಟರ ಹತ್ರ ಬರೆಸ್ಕೊಂಡ್ ಬಂದಿದೀನಿ. ಇದನ್ನ ಯಾರಿಗೆ ತೋರಿಸ್ಲಿ?"

ಓದಿದೆ. ಮಡಚಿ ನಿನಗೇ ಕೊಟ್ಟೆ. "ಜನ ಏನಾದ್ರೂ ಅಂತಾರೆ, ಬಿಡಮ್ಮ" ಎಂದೆ.

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ನೀನು ಮಾರನೆಯ ದಿನವೇ ಹೊರಟುಬಿಡುತ್ತಿದ್ದೆ, ನಾನು ಊರಿಗೆ ಮುಖ ತೋರಿಸುವಂತಿರಲಿಲ್ಲ... ಆಮೇಲೆ ಎಂಟು ವರ್ಷ, ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ನನ್ನ ಸಹಿಯ ಕೆಳಗೆ ನಿನ್ನ ಸಹಿ. ನೀನು ನಗುತ್ತ ನಮಸ್ಕಾರ ಹೇಳಿದಾಗಲೆಲ್ಲ ನಾನು ಯಾವುದೋ ಫೈಲು ತೆರೆದು ಕೂರುತ್ತಿದ್ದೆ. ನಾನೇ ವರ್ಗಾವಣೆ ಕೇಳಿ ಎರಡು ಸಲ ಅರ್ಜಿ ಬರೆದೆ. ನಿನ್ನನ್ನು ಅಲ್ಲಿ ಬಿಟ್ಟು ಓಡಲು ಮನಸ್ಸಾಗದೆ ಎರಡನ್ನೂ ಹರಿದೆ.

ನನ್ನ ಬೀಳ್ಕೊಡುಗೆಯಂದು ನೀನು ಅತ್ತೆ. "ಊರಿಗೆ ಟ್ರಾನ್ಸ್‌ಫರ್ ಕೇಳು ಅಂತಾರೆ ಎಲ್ರೂ. ಹೋಗಿ ಏನ್ಮಾಡ್ಲಿ ಮೇಡಂ? ನನ್ನೋರು ಅಂದ್ರೆ ನೀವೇ."

ನಿನ್ನಿಂದ ಎಷ್ಟೋ ಹುಡುಗಿಯರು ಪಾಸಾದರು, ಅವರಲ್ಲಿ ಕೆಲವರು ಟೀಚರುಗಳೇ ಆದರು — ಇದನ್ನು ನನಗೆ ನಾನೇ ಹೇಳಿಕೊಂಡು ನೋಡಿದೆ. ಆದರೆ ಅವರಾರೂ ನಿನ್ನನ್ನು ಕಟ್ಟಿಹಾಕು ಎಂದು ನನ್ನನ್ನು ಕೇಳಿರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನೀನು ಮನೆಯಲ್ಲಿರುವಾಗ ನಾನೇ ತಂದು ಓದುತ್ತೇನೆ. ನಿಮ್ಮಮ್ಮನೂ ಇರಲಿ. ನಡುವೆಯೇ ನೀನು ಎದ್ದು ಒಳಗೆ ಹೋದರೂ, ಅವರಿಗೆ ಕೊನೆಯವರೆಗೆ ಓದಿ ಹೇಳಿಯೇ ಹೊರಡುತ್ತೇನೆ.